ಕಾರವಾರದ ಮಳೆಗಾಲ, ತುಕ್ಕು ಹಿಡಿದ ಪಿನ್ನು
ಹಳೇ ಹಾರರ್ ಪತ್ರಿಕೆಗಳ ಪಿನ್ನು ತುಕ್ಕು ಹಿಡಿದಿದೆ, ಪುಟಕ್ಕೆ ಬೂಷ್ಟು ಬಂದಿದೆ, ಲ್ಯಾಮಿನೇಟ್ ಮಾಡಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್, ಆಮೇಲೆ ಬಿಡಿಸಲಾಗದು, ಸಂಗ್ರಹದ ಬೆಲೆಯೂ ಹೋಯಿತು.

ಪಿನ್ನನ್ನು ಬೆನ್ನಿನ ಕಡೆಯಿಂದ ಹಾಗೇ ಕೀಳಬೇಡಿ, ರಟ್ಟು ಹರಿಯುತ್ತದೆ. ನಡುಪುಟ ತೆರೆದು, ಮಡಚಿದ ಎರಡೂ ಕಾಲುಗಳನ್ನು ಮೊಂಡು ಚಾಕುವಿನ ತುದಿಯಿಂದ ನೆಟ್ಟಗೆ ಮಾಡಿ, ನಂತರ ಹೊರಗಿನಿಂದ ಮೆಲ್ಲಗೆ ಜಾರಿಸಿ. ಅವೇ ತೂತುಗಳಲ್ಲಿ ಹತ್ತಿ ದಾರ ಹೊಲಿದರೆ ಸಾಕು.

ಬೂಷ್ಟನ್ನು ಹಸಿಯಿದ್ದಾಗ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಬಿಸಿಲಿಗಂತೂ ಇಡಲೇಬೇಡಿ, ಒಳಪುಟ ನ್ಯೂಸ್‌ಪ್ರಿಂಟು, ಅದರ ಲಿಗ್ನಿನ್ (ಮರದಿಂದ ಬಂದ ಅಂಟಿನಂಥ ಅಂಶ) ಬೆಳಕಿಗೆ ಬೇಗ ಹಳದಿಯಾಗುತ್ತದೆ.

ಆಮೇಲೆ ಪಾಲಿಪ್ರೊಪಿಲೀನ್ ಕವರು (ಪಿವಿಸಿ ಅಲ್ಲ), ಬಿಗಿ ಮುಚ್ಚಳದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್. ಡಬ್ಬಿಯೊಳಗೊಂದು ತೇವಮಾಪಕ ಇಡಿ. ಶೇ. 60 ದಾಟಿದರೆ ಜೆಲ್ ಬದಲಿಸಿ.