ಮೇಷ್ಟ್ರ ದನಿ ಒಡೆಯುತ್ತಿದ್ದ ಜಾಗ

ಪ್ರಿಯ ಲೇಖಕರೇ,

ಅಗಲಿದ ನಿಮ್ಮ ಪ್ರೌಢಶಾಲೆಯ ಮೇಷ್ಟ್ರನ್ನು ಕುರಿತು ನೀವು ಕಳಿಸಿದ ಲೇಖನವನ್ನು ಓದಿದೆ. ಹರಿಹರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತ, ರೈತರ ಮತ್ತು ಕೂಲಿಕಾರರ ಚಳವಳಿಗಳಲ್ಲಿ ಹಾರ್ಮೋನಿಯಂ ಹಿಡಿದು ಹಾಡುತ್ತ, ನಿವೃತ್ತರಾದ ಮೇಲೂ ಮನೆಯ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಪಾಠವನ್ನೂ ಹಾಡನ್ನೂ ಹೇಳಿಕೊಡುತ್ತಿದ್ದ ಒಬ್ಬರ ನೆನಪು ಅದು. ಭಾಷೆ ಶುದ್ಧವಾಗಿದೆ. ಕಾಗುಣಿತದ ತಪ್ಪುಗಳಿಲ್ಲ. ನಿಮ್ಮ ಪ್ರೀತಿ ನಿಜವಾದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಇಂಥ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗುವುದು ನನ್ನ ರೂಢಿ. ಈ ಸಲ ಹಾಗೆ ಮಾಡಲಾಗದೆ ದೀರ್ಘವಾಗಿ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಐದನೆಯ ಪುಟದಲ್ಲಿ ಕಂಸದೊಳಗೆ ಅವಿತು ಕೂತಿರುವ ಒಂದು ವಾಕ್ಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನಗೆ ಸಿಟ್ಟು ತರಿಸಿದ ವಾಕ್ಯವನ್ನು ನೋಡೋಣ.

ಎರಡನೆಯ ಪುಟದಲ್ಲಿ ನೀವು ಬರೆದಿದ್ದೀರಿ: “ಮೇಷ್ಟ್ರನ್ನು ದ್ವೇಷಿಸುವವರು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ, ಎಲ್ಲ ಪಕ್ಷದವರಿಗೂ ಎಲ್ಲ ವರ್ಗದವರಿಗೂ ಅವರು ಸಮಾನವಾಗಿ ಬೇಕಾದವರಾಗಿದ್ದರು.” ಆಯುಷ್ಯದ ಬಹುಭಾಗವನ್ನು ಚಳವಳಿಯಲ್ಲಿ ಕಳೆದ ಮನುಷ್ಯನಿಗೆ ವಿರೋಧಿಗಳೇ ಇರಲಿಲ್ಲ ಎಂದು ಬರೆದರೆ, ಅವರು ಮಾಡಿದ ಕೆಲಸ ಯಾರಿಗೂ ತಾಕಲೇ ಇಲ್ಲ ಎಂದು ಅವರ ಶಿಷ್ಯರಾದ ನೀವೇ ಸಾಕ್ಷಿ ನುಡಿದಂತಾಗುತ್ತದೆ. ಇದನ್ನು ಬರೆದವರೇ ಮುಂದಿನ ಪುಟದಲ್ಲಿ, ಭದ್ರಾ ನಾಲೆಯ ಕೊನೆ ಭಾಗದ ರೈತರ ಪರವಾಗಿ ಮೇಷ್ಟ್ರು ನಿಂತಿದ್ದರು ಎಂದೂ ಬರೆದಿದ್ದೀರಿ, ಅದೂ ಒಂದೇ ಸಾಲಿನಲ್ಲಿ. ಕೊನೆ ಭಾಗದವರ ಪರ ನಿಲ್ಲುವುದೆಂದರೆ ಏನೆಂದು ಈ ಜಿಲ್ಲೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಮಟ್ಟವಾದ 186 ಅಡಿ ಮುಟ್ಟಿದ ವರ್ಷಗಳಲ್ಲೂ ನಾಟಿ ಮಾಡಿದ ಗದ್ದೆಗೆ ನೀರು ಬರಲಿಲ್ಲವೆಂದು ನಮ್ಮ ಕಡೆಯವರು ರಸ್ತೆಗಿಳಿದಿದ್ದಾರೆ. ನಾಲೆಯ ಉದ್ದಕ್ಕೂ ಅಕ್ರಮ ಪಂಪ್‌ಸೆಟ್‌ಗಳು ನೀರೆತ್ತುತ್ತವೆ, ಅಚ್ಚುಕಟ್ಟಿಗೆ ಸೇರದ ಜಮೀನು ಅಡಿಕೆ ತೋಟವಾಗುತ್ತದೆ, ಕೆಳಗಿನವರು ತಮ್ಮ ಸರದಿಗೆ ಕಾದು ಕೂರುತ್ತಾರೆ. ಆ ಪಂಪ್‌ಸೆಟ್‌ಗಳಿಗೆ ಮಾಲೀಕರಿದ್ದಾರಲ್ಲವೇ? ಮೇಲಿನ ಊರುಗಳ ತೋಟದವರ ಮಕ್ಕಳೂ ಇದೇ ಶಾಲೆಗೆ ಬರುತ್ತಿದ್ದರು ಎಂದು ನೀವೇ ಬೇರೊಂದು ಕಡೆ ಹೇಳಿದ್ದೀರಿ. ಬೆಳಿಗ್ಗೆ ಮಗನಿಗೆ ಹಳಗನ್ನಡದ ಪದ್ಯ ಬಿಡಿಸಿ ಹೇಳಿ, ಸಂಜೆ ಅವನ ಅಪ್ಪನ ಪಂಪ್‌ಸೆಟ್ಟನ್ನು ತೆಗೆಸಬೇಕೆಂದು ನಾಲೆಯ ಏರಿಯ ಮೇಲೆ ಕೂತು ಹಾಡುವ ಮೇಷ್ಟ್ರನ್ನು ಆ ಅಪ್ಪ ಸಂತೆಯಲ್ಲಿ ಕಂಡಾಗ ಹೇಗೆ ಮಾತಾಡಿಸುತ್ತಿದ್ದ? ಆ ಹುಡುಗನ ಉತ್ತರಪತ್ರಿಕೆ ಕೈಗೆ ಬಂದಾಗ ಮೇಷ್ಟ್ರು ಏನು ಮಾಡುತ್ತಿದ್ದರು? ನಾನು ಓದಬೇಕೆಂದು ಕಾದಿದ್ದ ಲೇಖನ ಇಲ್ಲಿತ್ತು.

ಅದೇ ಪುಟದ ಕೆಳಗೆ ಇನ್ನೊಂದು ವಾಕ್ಯವಿದೆ: “ಜಗಳೂರು, ಮೊಳಕಾಲ್ಮೂರು ಮುಂತಾದ ಕಡೆಗಳಲ್ಲಿಯೂ ಸೇವೆ ಸಲ್ಲಿಸಿ ಅಲ್ಲಿಯ ಜನಮನವನ್ನು ಗೆದ್ದರು.” 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವ ಮುಂಚೆ ಹರಿಹರವೂ ಜಗಳೂರೂ ಮೊಳಕಾಲ್ಮೂರೂ ಒಂದೇ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ಜಿಲ್ಲೆಯ ನೀರಾವರಿ ಮೂಲೆಯಿಂದ ಮಳೆ ಕಾಣದ ಮೂಲೆಗೆ ಒಬ್ಬ ಮೇಷ್ಟ್ರನ್ನು ಸಾಗಹಾಕಲು ಹೆಚ್ಚು ಕಾಗದ ಖರ್ಚಾಗುತ್ತಿರಲಿಲ್ಲ. ಸರ್ಕಾರಿ ನೌಕರರು ರಾಜಕೀಯ ಚಳವಳಿಯಲ್ಲಿ ಪಾಲ್ಗೊಳ್ಳುವುದನ್ನೂ ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದನ್ನೂ 1966ರ ನಡತೆ ನಿಯಮಗಳು ನಿಷೇಧಿಸಿದ್ದವು ಎಂಬುದನ್ನು ಈ ವಾಕ್ಯದ ಪಕ್ಕದಲ್ಲಿಟ್ಟು ಓದಿದರೆ, ನೀವು ಸೇವೆ ಎಂದು ಕರೆದದ್ದು ಶಿಕ್ಷೆಯ ವರ್ಗಾವಣೆ ಇದ್ದೀತೆಂದು ಯಾವ ಓದುಗನಿಗಾದರೂ ಅನುಮಾನ ಬರುತ್ತದೆ. ಲೇಖಕರಾದ ನಿಮಗೆ ಬರಲಿಲ್ಲ, ಅಥವಾ ಬಂದರೂ ಬರೆಯಲಿಲ್ಲ. ನೀವು ಜೊತೆಗೆ ಕಳಿಸಿದ ಚಿತ್ರದಲ್ಲಿ ಮೇಷ್ಟ್ರು ಆನಗೋಡಿನ ಹುತಾತ್ಮ ರೈತರ ಸ್ಮಾರಕದ ಮುಂದೆ ಕೊರಳಿಗೆ ಹಾರ್ಮೋನಿಯಂ ತೂಗುಹಾಕಿಕೊಂಡು ನಿಂತಿದ್ದಾರೆ. 1992ರಲ್ಲಿ ಪೊಲೀಸರ ಗುಂಡಿಗೆ ಇಬ್ಬರು ರೈತರು ಬಲಿಯಾದ ಊರು ಅದು. ಲೇಖನದಲ್ಲಿ ಆ ಊರಿನ ಹೆಸರೇ ಇಲ್ಲ. “ಹಲವು ಹೋರಾಟಗಳಲ್ಲಿ ಸಕ್ರಿಯರಾಗಿದ್ದರು” ಎಂದಷ್ಟೇ ಇದೆ.

ಅಗಲಿದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಲ್ಲವೇ ಎಂದು ನಿಮ್ಮ ಪತ್ರದಲ್ಲಿ ಮೊದಲೇ ಕೇಳಿಬಿಟ್ಟಿದ್ದೀರಿ. ಬರೆಯಿರಿ, ಬೇಡವೆನ್ನುವುದಿಲ್ಲ. ಯಾರ ಬಗ್ಗೆ ಬೇಕಾದರೂ ಬರೆಯಬಹುದಾದ ಒಳ್ಳೆಯದನ್ನು ಇವರ ಬಗ್ಗೆ ಬರೆಯಬೇಡಿ ಎನ್ನುವುದಷ್ಟೇ ನನ್ನ ತಕರಾರು.

ನನಗೆ ಈ ವಿಷಯದಲ್ಲಿ ಇಷ್ಟು ಹಟ ಏಕೆಂದರೆ ನಾನು ಕಸುಬು ಕಲಿತದ್ದೇ ನಿಧನ ವಾರ್ತೆಗಳಿಂದ. ದಾವಣಗೆರೆಯ ಒಂದು ಸಣ್ಣ ಪತ್ರಿಕೆ. ಇನ್ನೂ ಅಚ್ಚಿನ ಮೊಳೆಗಳನ್ನು ಕೈಯಲ್ಲಿ ಜೋಡಿಸುತ್ತಿದ್ದ ಕಾಲ. ಹೊಸಬನೆಂದು ನನಗೆ ಆ ಕೆಲಸ ಒಪ್ಪಿಸಿದ್ದರು. ಊರಿನ ಹತ್ತಿ ಗಿರಣಿಗಳು ಸೊರಗುತ್ತಿದ್ದ ವರ್ಷಗಳಾದ್ದರಿಂದ, ತೀರಿಕೊಂಡ ಗಿರಣಿ ಕಾರ್ಮಿಕರ ಮನೆಯವರು ಸಂಜೆಯಾದರೆ ಒಂದು ಚೀಟಿ, ಒಂದು ಮಸುಕು ಫೋಟೊ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ಮೊಳೆ ಜೋಡಿಸುವ ನಮ್ಮ ಕಂಪೋಸಿಟರ್ ಬಲು ಜಾಣ. “ಇವರ ಅಗಲಿಕೆಯಿಂದ ಸಮಾಜಕ್ಕೆ ತುಂಬಲಾರದ ನಷ್ಟವಾಗಿದೆ” ಎಂಬ ಸಾಲನ್ನು ಆತ ಒಮ್ಮೆ ಜೋಡಿಸಿ, ಸುತ್ತ ದಾರ ಬಿಗಿದು, ಜೋಡಿಸಿದ ಸಾಲುಗಳನ್ನಿಡುವ ತಟ್ಟೆಯಾದ ಗ್ಯಾಲಿಯ ಮೂಲೆಯಲ್ಲಿ ಕಾಯಂ ಆಗಿ ಇಟ್ಟುಬಿಟ್ಟಿದ್ದ. ದಿನವೂ ಬೇಕಾಗುವ ಸಾಲನ್ನು ಬಿಚ್ಚಿ ಮೊಳೆಗಳನ್ನು ಮತ್ತೆ ಪೆಟ್ಟಿಗೆಯ ಮನೆಗಳಿಗೆ ಹಂಚುವ ತಾಪತ್ರಯವೇಕೆ ಎಂಬುದು ಅವನ ವಾದ. ಮೇಲಿನ ಹೆಸರೊಂದು ಬದಲಾದರೆ ಆಯಿತು.

ನಮ್ಮ ಹಿರಿಯ ಉಪಸಂಪಾದಕರಿಗೆ ಆ ದಾರದ ಕಟ್ಟನ್ನು ಕಂಡರೆ ಆಗುತ್ತಿರಲಿಲ್ಲ. ಬಂದವರನ್ನು ಕೂರಿಸಿ, ಚಹಾ ತರಿಸಿ, ನನ್ನ ಕೈಗೆ ಪೆನ್ಸಿಲ್ ಕೊಟ್ಟು ಅವರೇ ಕೇಳಲು ಶುರುಮಾಡುತ್ತಿದ್ದರು. ನೂಲುವ ಖಾತೆಯೋ ನೇಯುವ ಖಾತೆಯೋ? ಯಾವ ಪಾಳಿ ಇಷ್ಟವಿತ್ತು? ಮುಷ್ಕರದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು? ಒಮ್ಮೆ ಒಬ್ಬ ಹೆಂಗಸು, ಮುಷ್ಕರವಿದ್ದಾಗ ತನ್ನ ಗಂಡ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ದುಡಿದನೆಂದೂ, ಆ ಕೂಲಿಯಲ್ಲೇ ಯೂನಿಯನ್ನಿನ ಚಂದಾ ತೆಗೆದಿಡುತ್ತಿದ್ದನೆಂದೂ, ಅದಕ್ಕಾಗಿ ತಾನು ಅವನೊಡನೆ ಮಾತು ಬಿಟ್ಟಿದ್ದೆನೆಂದೂ ಹೇಳಿದಳು. ಉಪಸಂಪಾದಕರು ಅಷ್ಟನ್ನೇ, ಮಾತು ಬಿಟ್ಟದ್ದನ್ನೂ ಸೇರಿಸಿ, ಐದು ಸಾಲಿನಲ್ಲಿ ಹಾಕಿಸಿದರು. ದಾರ ಕಟ್ಟಿದ ಸಾಲಿಗೆ ಅಂದು ಜಾಗ ಸಿಗಲಿಲ್ಲ. ಆಕೆ ಮರುದಿನ ಬಂದು ಇನ್ನೂ ನಾಲ್ಕು ಪ್ರತಿ ಕೊಂಡುಹೋದಳು. ಗಂಡನೊಡನೆ ಜಗಳವಾಡಿದ್ದು ಅಚ್ಚಾಯಿತೆಂದು ಆಕೆಗೆ ಬೇಸರವಾದಂತೆ ನನಗೆ ಕಾಣಲಿಲ್ಲ. ನಿಮ್ಮ ಎರಡನೆಯ ಪುಟವನ್ನು ಓದುವಾಗ ನನ್ನ ಕಣ್ಣಿಗೆ ಕಂಡದ್ದು ಆ ಕಂಪೋಸಿಟರನ ಗ್ಯಾಲಿ.

ಈಗ ಸಂಗೀತದ ಭಾಗ. ಇದು ನನಗೆ ಇನ್ನೂ ಹೆಚ್ಚು ನೋವು ಕೊಟ್ಟಿತು. ನಾಲ್ಕನೆಯ ಪುಟದ ಸಾಲುಗಳಿವು: “ಮೇಷ್ಟ್ರು ಹಾರ್ಮೋನಿಯಂ ಮೇಲೆ ಬೆರಳಿಟ್ಟರೆ ಸಾಕು, ನೆರೆದ ಸಾವಿರಾರು ಜನ ಮಂತ್ರಮುಗ್ಧರಾಗಿ, ಸೂಜಿ ಬಿದ್ದರೂ ಕೇಳಿಸುವ ಮೌನದಲ್ಲಿ ಕೂತುಬಿಡುತ್ತಿದ್ದರು. ಅವರ ಕಂಠದಿಂದ ಗಾನಸುಧೆ ಹೊಮ್ಮುತ್ತಿತ್ತು.” ಇಲ್ಲಿ ಒಂದೊಂದನ್ನೇ ಕೇಳುತ್ತೇನೆ. ಬೆರಳಿಟ್ಟರೆ ಸಾಕೇ? ತಿದಿ ಒತ್ತುವ ಎಡಗೈ ಎಲ್ಲಿ ಹೋಯಿತು? ಮೆರವಣಿಗೆಯಲ್ಲಿ ನಡೆಯುತ್ತ ನುಡಿಸಬೇಕಾದಾಗ ಪೆಟ್ಟಿಗೆಯ ಭಾರ ಕೊರಳ ಮೇಲಿತ್ತೋ, ಯಾರಾದರೂ ಎದುರಿಗೆ ಹಿಡಿದು ಹಿಂದಕ್ಕೆ ನಡೆಯುತ್ತಿದ್ದರೋ? ನಮ್ಮ ದಾವಣಗೆರೆ ಕಂಪನಿ ನಾಟಕಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳಿ ಬೆಳೆದವರು ನಾವು. ಕಾಲಿನಿಂದ ಒತ್ತುವ ಹಾರ್ಮೋನಿಯಂ ಯಾವುದು, ಕೈಯಿಂದ ಒತ್ತುವುದು ಯಾವುದು ಎಂದು ಇಲ್ಲಿಯ ಹಳೆಯ ಪ್ರೇಕ್ಷಕರಿಗೂ ಗೊತ್ತು. ನಿಮ್ಮ ಮೇಷ್ಟ್ರು ಅದನ್ನು ಯಾರಿಂದ ಕಲಿತರು ಎಂಬುದು ಆರು ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಆ ಮೌನದ ಮಾತು ಇನ್ನೂ ದೊಡ್ಡ ತಪ್ಪು. ಸಂಗೀತ ಕಚೇರಿಯಲ್ಲಿ ಹಾಡುವವರ ಎದುರು ಜನ ಮೌನವಾಗಿ ಕೂರುತ್ತಾರೆ, ಕೂರಬೇಕು. ಚಳವಳಿಯ ಹಾಡುಗಾರ ಒಂದು ಸಾಲು ಹೇಳಿಕೊಟ್ಟು ಜನ ಅದನ್ನು ಎತ್ತಿಕೊಳ್ಳಲೆಂದು ಕಾಯುತ್ತಾನೆ. ಮೊದಲ ಸಲ ಮುಂದಿನ ಸಾಲಿನ ಹುಡುಗರು ಮಾತ್ರ ಎತ್ತಿಕೊಳ್ಳುತ್ತಾರೆ, ಎರಡನೆಯ ಸಲ ಹಿಂದಿನವರು, ಮೂರನೆಯ ಸಲಕ್ಕೆ ನಾಚಿಕೊಂಡು ಸೆರಗು ಬಾಯಿಗಿಟ್ಟುಕೊಂಡಿದ್ದವರು. ಅಲ್ಲಿ ಸೂಜಿ ಬಿದ್ದದ್ದು ಕೇಳಿಸಿದರೆ ಆ ದಿನದ ಹಾಡು ಕೆಟ್ಟಿತೆಂದೇ ಅರ್ಥ. ಮೇಷ್ಟ್ರು ಬದುಕಿದ್ದು ಈ ಸಾಲು ಓದಿದ್ದರೆ, ನನ್ನ ಸಭೆಯನ್ನು ಹೀಗೆ ಮೂಕವಾಗಿಸಿದೆಯಲ್ಲ ಎಂದು ನಿಮ್ಮ ಕಿವಿ ಹಿಂಡುತ್ತಿದ್ದರೇನೋ.

ಇದಾದ ಮೇಲೆ, ಐದನೆಯ ಪುಟದಲ್ಲಿ, ಕಂಸದೊಳಗೆ, ಕ್ಷಮೆ ಕೇಳುವ ಧಾಟಿಯಲ್ಲಿ ನೀವು ಬರೆದದ್ದು: “(ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಎಟುಕಲೆಂದು ಮೇಷ್ಟ್ರು ಯಾವಾಗಲೂ ಬಿಳಿ ನಾಲ್ಕರಲ್ಲೇ ಶ್ರುತಿ ಹಿಡಿಯುತ್ತಿದ್ದರು, ಅದು ಅವರ ಗಂಟಲಿಗೆ ಒಗ್ಗದೆ ಮೇಲಿನ ಸ್ವರಗಳಲ್ಲಿ ದನಿ ಒಡೆಯುತ್ತಿತ್ತು.)”

ಇದನ್ನು ಓದಿ ನಾನು ಲೇಖನವನ್ನು ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಓಡಾಡಿ ಬಂದೆ. ಹಾರ್ಮೋನಿಯಂನ ಬಿಳಿ, ಕಪ್ಪು ಮನೆಗಳನ್ನು ಎಣಿಸಿ ಶ್ರುತಿಯನ್ನು ಹೆಸರಿಸುತ್ತಾರೆ, ಬಿಳಿ ಒಂದಕ್ಕಿಂತ ಬಿಳಿ ನಾಲ್ಕು ಎತ್ತರದ ಶ್ರುತಿ. ಸಾಮಾನ್ಯವಾಗಿ ಗಂಡಸರು ಬಿಳಿ ಒಂದು, ಕಪ್ಪು ಒಂದು, ಹೆಚ್ಚೆಂದರೆ ಕಪ್ಪು ಎರಡರ ಆಸುಪಾಸಿನಲ್ಲಿ ಶ್ರುತಿ ಇಟ್ಟುಕೊಳ್ಳುತ್ತಾರೆ. ಹೆಂಗಸರ ಶ್ರುತಿ ಬಿಳಿ ಐದರ ಹತ್ತಿರ. ಬಿಳಿ ನಾಲ್ಕಕ್ಕೆ ಹೋದ ಗಂಡಸಿಗೆ ತಾರಸ್ಥಾಯಿಯಲ್ಲಿ ಗಂಟಲು ಹರಿಯುತ್ತದೆ. ಸಂಗೀತ ಕಲಿತ ಮೇಷ್ಟ್ರಿಗೆ ಇದು ಗೊತ್ತಿಲ್ಲದ್ದಲ್ಲ. ತಮ್ಮ ದನಿ ಚೆನ್ನಾಗಿ ಕೇಳಿಸುವ ಜಾಗ ಯಾವುದೆಂದು ತಿಳಿದೂ, ಕಳೆ ಕಿತ್ತು ಬಂದು ಕೂತ ಹೆಂಗಸರು ಹಾಡಲೆಂದು, ಅವರು ಸಭೆಯಿಂದ ಸಭೆಗೆ ಬೇಕೆಂದೇ ಕೆಟ್ಟದಾಗಿ ಹಾಡಿದ್ದಾರೆ. ನಿಮ್ಮ ಲೇಖನಕ್ಕೆ “ಶಿಕ್ಷಕರಾಗಿ”, “ಹೋರಾಟಗಾರರಾಗಿ”, “ಸಂಗೀತಗಾರರಾಗಿ” ಎಂಬ ಮೂರು ಉಪಶೀರ್ಷಿಕೆಗಳಿವೆ. ಆ ಮೂವರೂ ಒಬ್ಬರೇ ಆಗಿ ಕಾಣುವ ಒಂದೇ ವಾಕ್ಯವನ್ನು ನೀವು ಕಂಸಕ್ಕೆ ತಳ್ಳಿದ್ದೀರಿ, ಗುರುಗಳ ದನಿ ಒಡೆಯುತ್ತಿತ್ತೆಂದು ಹೇಳುವುದು ಅಗೌರವವೆಂಬ ಅಂಜಿಕೆಯಿಂದ.

ಹಾರ್ಮೋನಿಯಂ ಬಗ್ಗೆ ಒಂದು ಮಾತು, ಅದು ನಿಮಗೆ ಉಪಯೋಗಕ್ಕೆ ಬರಬಹುದು. 1940ರಿಂದ 1970ರ ದಶಕದ ಆರಂಭದವರೆಗೆ ಈ ವಾದ್ಯವನ್ನು ನಮ್ಮ ರೇಡಿಯೊದಿಂದ ಹೊರಗಿಟ್ಟಿದ್ದರು. ಸ್ವರದಿಂದ ಸ್ವರಕ್ಕೆ ಜಾರಲು ಅದಕ್ಕೆ ಬಾರದು, ಅದರ ಸ್ವರಸ್ಥಾನಗಳು ಕದಲುವುದಿಲ್ಲ, ಆದ್ದರಿಂದ ರಾಗದ ಸೂಕ್ಷ್ಮ ಅದರಲ್ಲಿ ಹಿಡಿಯದು ಎಂಬುದು ಪಂಡಿತರ ದೂರಾಗಿತ್ತು. ದೂರು ಸುಳ್ಳಲ್ಲ. ಆದರೆ ಬಿಸಿಲಲ್ಲಿ ಕೂತ, ಸಂಗೀತ ಕಲಿಯದ ಸಾವಿರ ಗಂಟಲುಗಳನ್ನು ಒಂದು ಸ್ವರಕ್ಕೆ ತರಬೇಕಾದಾಗ ಕದಲದಿರುವ ವಾದ್ಯವೇ ಬೇಕು. ಮೇಷ್ಟ್ರು ಈ ಬಗ್ಗೆ ನಿಮ್ಮೊಡನೆ ಏನಾದರೂ ಹೇಳಿದ್ದರೆ ನೆನಪು ಮಾಡಿಕೊಳ್ಳಿ.

ಮತ್ತೆ ಬರೆಯುವುದಾದರೆ ಆ ಕಂಸವನ್ನು ತೆಗೆದು ಅಲ್ಲಿಂದ ಆರಂಭಿಸಿ. ಅದಕ್ಕೂ ಮುಂಚೆ ಕೆಲವರನ್ನು ಕಂಡು ಬನ್ನಿ. ಮೇಷ್ಟ್ರ ಮನೆಯವರ ಪ್ರಸ್ತಾಪವೇ ಲೇಖನದಲ್ಲಿಲ್ಲ. ಮನೆಯಲ್ಲಿ ಒಬ್ಬರೇ ಹಾಡಿಕೊಳ್ಳುವಾಗ ಮೇಷ್ಟ್ರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು, ವರ್ಗಾವಣೆಯ ಆದೇಶ ಬಂದ ದಿನ ಮನೆಯಲ್ಲಿ ಏನಾಯಿತು ಎಂಬುದನ್ನು ಮೇಷ್ಟ್ರ ಪತ್ನಿಯಾದ ಅಮ್ಮನವರೇ ಹೇಳಬೇಕು. ಬಿಳಿ ನಾಲ್ಕರಲ್ಲಿ ಅವರ ಜೊತೆ ದನಿಗೂಡಿಸಿದ ಹೆಂಗಸರಲ್ಲಿ ಯಾರಾದರೂ ಸಿಕ್ಕರೆ, ಅವರಿಗೆ ಯಾವ ಸಾಲು ಇನ್ನೂ ಬಾಯಿಗೆ ಬರುತ್ತದೆಂದು ಕೇಳಿ. ಪಂಪ್‌ಸೆಟ್ಟಿನವರ ಆ ಹುಡುಗನೂ ಈಗ ನಿಮ್ಮ ವಯಸ್ಸಿನವನೇ ಇರಬೇಕು. ಇನ್ನು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಒಂದಿದೆ: ರಾತ್ರಿಯಿಡೀ ಹಾಡಿ ಗಂಟಲು ಕೂತ ಮೇಷ್ಟ್ರು ಮರುದಿನ ನಿಮ್ಮ ತರಗತಿಗೆ ಬಂದಾಗ ಪಾಠ ಹೇಗೆ ಮಾಡುತ್ತಿದ್ದರು? ಹಲಗೆಯ ಮೇಲೆ ಬರೆದರೇ, ಯಾರಿಂದಲಾದರೂ ಓದಿಸಿದರೇ? ನೀವು ಅಲ್ಲೇ ಬೆಂಚಿನ ಮೇಲೆ ಕೂತಿದ್ದಿರಿ.

ಗಣ್ಯರ ಸಂತಾಪ ಸಂದೇಶಗಳ ಕೊನೆಯ ಪುಟ ಬೇಡ. ಉಪಶೀರ್ಷಿಕೆಗಳೂ ಬೇಡ. 1,200 ಪದಗಳು ಸಾಕು. ಆನಗೋಡಿನ ಚಿತ್ರವನ್ನು ಹಾಕಿಕೊಳ್ಳುತ್ತೇವೆ. ಅದರಲ್ಲಿ ಮೇಷ್ಟ್ರ ಜೊತೆ ನಿಂತವರ ಹೆಸರುಗಳನ್ನು ಎಡದಿಂದ ಬಲಕ್ಕೆ ಬರೆದು, ಅವರನ್ನು ಕೇಳಿಯೇ ಕಳಿಸಿ. ನನ್ನ ಈ ಪತ್ರಕ್ಕೆ ಸಿಟ್ಟು ಬಂದಿದ್ದರೆ ಅದನ್ನೂ ಬರೆಯಿರಿ, ಆದರೆ ಹೊಸ ಲೇಖನದ ಜೊತೆಗೇ ಕಳಿಸಿ.

ಇತಿ,
ಸಂಪಾದಕ