ಅವನ ಐದು ನಿಮಿಷ

ಹಾಸನದಿಂದ ಒಬ್ಬ ತಾಯಿ ಬರೆದಿದ್ದಾರೆ. ಆರನೇ ಕ್ಲಾಸಿನ ಮಗ 'ಐದೇ ನಿಮಿಷ ಅಮ್ಮ' ಅಂತ ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ ಹೊರಗೆ ಬರುವುದಿಲ್ಲವಂತೆ, ದಿನಾ ಬಸ್ಸು ತಪ್ಪುತ್ತದಂತೆ. ಡಾಕ್ಟರು ಎಡಿಎಚ್‌ಡಿ ಅಂದಿದ್ದಾರೆ, ಅಂದರೆ ಗಮನ ಹಿಡಿದಿಡಲು, ತನ್ನನ್ನು ತಾನು ತಡೆದುಕೊಳ್ಳಲು ಕಷ್ಟವಾಗುವ ತೊಂದರೆ. ಮನೆಯವರು 'ಎರಡು ಬಿಟ್ರೆ ಸರಿಹೋಗ್ತಾನೆ' ಅನ್ನುತ್ತಾರೆ. ಯಾರ ಮಾತು ಸರಿ ಅಂತ ಕೇಳಿದ್ದಾರೆ.

ತಾಯಿ, ಶಿಸ್ತು ಬೇಕು, ಒಪ್ಪಿದೆ. ಆದರೆ 'ಅವನು ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತದೆ' ಅಂತ ನೀವೇ ಬರೆದಿದ್ದೀರಲ್ಲ, ಅದು ನೂರಕ್ಕೆ ನೂರು ನಿಜ. ಅವನಿಗೆ ಆಗಿದ್ದು ಐದೇ ನಿಮಿಷ.

ಹೊತ್ತನ್ನು ಅಳೆಯಲು ಕಣ್ಣು, ಕಿವಿಯ ಹಾಗೆ ನಮಗೆ ಬೇರೆ ಅಂಗವಿಲ್ಲ. ಹೆಚ್ಚಾಗಿ ಗಮನದಿಂದಲೇ ಅಳೆಯಬೇಕು. ಬಸ್ಸಿಗೆ ಕಾಯುವಾಗ ಗಮನವೆಲ್ಲ ಹೊತ್ತಿನ ಮೇಲೇ ಇರುತ್ತದೆ, ಅದಕ್ಕೇ ಹೊತ್ತೇ ಹೋಗುವುದಿಲ್ಲ. ಹರಟೆಗೆ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. 1962ರಲ್ಲಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಯುವಕ ಗಡಿಯಾರವಿಲ್ಲದೆ ಆಲ್ಪ್ಸ್‌ನ ಒಂದು ಗುಹೆಯಲ್ಲಿ ಎರಡು ತಿಂಗಳು ಇದ್ದ. ಸೆಕೆಂಡಿಗೊಂದರಂತೆ 120ರವರೆಗೆ ಎಣಿಸು ಅಂದರೆ ಐದು ನಿಮಿಷ ತೆಗೆದುಕೊಂಡ. ಸೆಪ್ಟೆಂಬರ್ 14ಕ್ಕೆ ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20! ಅವನನ್ನು ಯಾರಾದರೂ ಸೋಮಾರಿ ಅಂದರಾ?

ನಿಮ್ಮ ಮಗ ಬಸ್ಸು ಹಿಡಿಯಬೇಕಾದರೆ ಎಷ್ಟು ಹೊತ್ತಾಯಿತು, ಎಷ್ಟು ಉಳಿದಿದೆ ಅನ್ನುವುದನ್ನು ನೀರು ಹೊಯ್ದುಕೊಳ್ಳುತ್ತಲೇ ತಲೆಯಲ್ಲಿ ಇಟ್ಟುಕೊಂಡಿರಬೇಕು, ಖುಷಿಯ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಲೂ ಬೇಕು. ಇದನ್ನೆಲ್ಲ ಹೆಚ್ಚಾಗಿ ನೋಡಿಕೊಳ್ಳುವುದು ಹಣೆಯ ಹಿಂದಿನ ಮೆದುಳು. ಯಾರಿಗೇ ಆದರೂ ಅದು ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಇನ್ನೂ ನಿಧಾನ. ಈ ತೊಂದರೆಯನ್ನು ಬಹಳ ವರ್ಷ ಅಧ್ಯಯನ ಮಾಡಿದ ಅಮೆರಿಕದ ರಸೆಲ್ ಬಾರ್ಕ್ಲಿ ಇದನ್ನು ಸಮಯಗುರುಡು ಅಂತಲೇ ಕರೆಯುತ್ತಾರೆ. ಕಣ್ಣು ಮಂಜಾದ ಮಗುವಿಗೆ ಕನ್ನಡಕ ಕೊಡಿಸುತ್ತೇವೆ, ಹೊಡೆಯುವುದಿಲ್ಲ ಅಲ್ವಾ?

ನಾನೂ ಹೊಡೆದಿದ್ದೇನೆ, ತಾಯಿ. ನನ್ನ ತಮ್ಮನಿಗೆ, ಇದೇ ಕಾರಣಕ್ಕೆ. ಆ ಸಂಕಟ ಇನ್ನೂ ಹೋಗಿಲ್ಲ.

ಈಚೆಗೆ ಒಂದು ಶಾಲೆಗೆ ಹೋಗಿದ್ದೆ. ಗಡಿಯಾರ ಇದ್ದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ ಮಾತ್ರ. ಮಕ್ಕಳಿಗೆ ಗಂಟೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಹೊತ್ತು ಸರಿಯುವುದನ್ನು ತೋರಿಸುವುದೇ ಇಲ್ಲ, ಆಮೇಲೆ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆ ಬಿಟ್ಟ ಅಂತ ಬೈಯುತ್ತೇವೆ. ಸಮಯಪಾಲನೆಯ ಬಗ್ಗೆ ಭಾಷಣ ಮಾತ್ರ ಜಾಸ್ತಿ.

ಬಚ್ಚಲಲ್ಲಿ ಅವನ ಕಣ್ಣಿಗೆ ಬೀಳುವ ಹಾಗೆ ಮುಳ್ಳಿನ ಗಡಿಯಾರ ತೂಗುಹಾಕಿ. ಮುಳ್ಳು ಎಲ್ಲಿಗೆ ಬಂದರೆ ಹೊರಗೆ ಬರಬೇಕೋ ಅಲ್ಲಿಗೊಂದು ಕೆಂಪು ಬೊಟ್ಟು ಅಂಟಿಸಿ. ತಿಂಗಳು ಬಿಟ್ಟು ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ