ಜಂಬಲಾಯ: ಹೆಸರಿನಲ್ಲಿ ಹ್ಯಾಮ್ ಇದೆಯೇ?

ಅಮೆರಿಕದ ಲೂಯಿಸಿಯಾನ ರಾಜ್ಯದ ಕ್ರಿಯೋಲ್ (ಫ್ರೆಂಚ್, ಸ್ಪ್ಯಾನಿಷ್, ಆಫ್ರಿಕನ್ ಬೆರೆತ ಅಲ್ಲಿನ ಅಡುಗೆ ಪರಂಪರೆ) ಅನ್ನ 'ಜಂಬಲಾಯ'ದ ಹೆಸರು ಫ್ರೆಂಚಿನ 'ಜಾಂಬೋ' (ಹಂದಿಯ ತೊಡೆಮಾಂಸ, ಹ್ಯಾಮ್) ಮತ್ತು ಅಕ್ಕಿ ಎಂಬರ್ಥದ ಆಫ್ರಿಕನ್ ಪದ 'ಯಾ' ಸೇರಿ ಆಯಿತೇ ಎಂದು ಕೇಳಿದ್ದೀರಿ. ಈ ಕಥೆ ತುಂಬಾ ಕಡೆ ಓಡಾಡುತ್ತಿದೆ, ಆದರೆ ನಂಬಬೇಡಿ. ದಕ್ಷಿಣ ಫ್ರಾನ್ಸಿನ ಪ್ರೊವೆನ್ಸಾಲ್ ಭಾಷೆಯಲ್ಲಿ 'ಜಂಬಲಾಯ' ಎಂಬ ಪದವೇ ಇದೆ. ಅರ್ಥ: ಕಲಸುಮೇಲೋಗರ. ಅಕ್ಕಿ, ಕೋಳಿ ಹಾಕಿ ಬೇಯಿಸಿದ ಪಲಾವಿಗೂ ಅದೇ ಹೆಸರು. 1837ರಲ್ಲಿ ಅಚ್ಚಾದ ಪ್ರೊವೆನ್ಸಾಲ್ ಪದ್ಯವೊಂದರಲ್ಲೇ ಅದು ಸಿಗುತ್ತದೆ. ಪದ ಇಡಿಯಾಗಿ ಕೈಗೆ ಸಿಕ್ಕಿರುವಾಗ ಒಡೆದು ಜೋಡಿಸುವ ಅಗತ್ಯವೇನು?

ಇನ್ನೊಂದು ಪುರಾವೆ ನನಗೆ ಬಹಳ ಇಷ್ಟ. 1878ರಲ್ಲಿ ಅಲಬಾಮದ ಮೊಬೈಲ್ ಊರಿನ ಚರ್ಚ್‌ನ ಹೆಂಗಸರು ಅಚ್ಚು ಹಾಕಿಸಿದ ಅಡುಗೆ ಪುಸ್ತಕದಲ್ಲಿ 'ಜಾಮ್ ಬೋಲಾಯ' ಇದೆ. ಕಾದ ಹಂದಿಕೊಬ್ಬಿನಲ್ಲಿ ಹಿಟ್ಟು, ಈರುಳ್ಳಿ ಕೆಂಪಗೆ ಹುರಿದು, ಕೋಳಿಯ ಕತ್ತು, ರೆಕ್ಕೆ, ಕಾಲು, ಟೊಮೆಟೊ, 2 ಡಜನ್ ಸಿಂಪಿ ಅದರ ನೀರಿನ ಸಮೇತ, ಆಮೇಲೆ ಅಕ್ಕಿ. ಹ್ಯಾಮ್ ಇಲ್ಲವೇ ಇಲ್ಲ!

ಆದರೆ ಆ ಅನ್ನದ ಹದಕ್ಕೆ ಆಫ್ರಿಕನ್ ಅಡುಗೆಯವರ ಕೈ ಖಂಡಿತ ಸೇರಿದೆ. ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನವನ್ನೂ ಟೊಮೆಟೊ, ಈರುಳ್ಳಿ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ.